ಮೊದಲ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ವಿಮಾನ: ಸ್ಪಿಟ್‌ಫೈರ್ ಕೊಂಡು ಕಲಿಯಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಈವರೆಗೆ ಏನನ್ನೂ ಹಾರಿಸಿಲ್ಲ, ಬೆಂಗಳೂರಿನಲ್ಲಿದ್ದೀರಿ, ಪಕ್ಕದಲ್ಲಿ ನಿಂತು ಹೇಳಿಕೊಡುವವರಿಲ್ಲ, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಮಾದರಿಯ ಮೇಲೆ ಮನಸ್ಸಾಗಿದೆ. ಅದನ್ನೇ ನಿಧಾನವಾಗಿ ಹಾರಿಸಿ ಕಲಿಯಬಹುದೇ ಅಂತ. ಆಗುವುದಿಲ್ಲ. ಅದನ್ನು ನಿಧಾನವಾಗಿ ಹಾರಿಸಲು ಬರುವುದಿಲ್ಲ, ತೊಂದರೆ ಇರುವುದೇ ಅಲ್ಲಿ.

ರೆಕ್ಕೆ ಮತ್ತು ತೂಕದ ಲೆಕ್ಕ ನೋಡಿ. 1.2 ಮೀಟರ್ ಉದ್ದ, 20 ಸೆಂ.ಮೀ. ಅಗಲದ ರೆಕ್ಕೆ ಎಂದರೆ 24 ಚದರ ಡೆಸಿಮೀಟರ್. ವಿಮಾನ 800 ಗ್ರಾಂ ಇದ್ದರೆ ಚದರ ಡೆಸಿಮೀಟರಿಗೆ 33 ಗ್ರಾಂ ಹೊರೆ ಬಿತ್ತು. ಇಂಥದ್ದು ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲೂ, ಅಂದರೆ ಜೋರಾಗಿ ತುಳಿದ ಸೈಕಲ್ಲಿನ ವೇಗದಲ್ಲೂ, ತೇಲುತ್ತಿರುತ್ತದೆ. ಅದೇ ರೆಕ್ಕೆಯ ಮೇಲೆ ತೂಕ ದುಪ್ಪಟ್ಟಾದರೆ ತೇಲಲು 35 ಕಿ.ಮೀ. ಬೇಕು. ಜೊತೆಗೆ ಸ್ಪಿಟ್‌ಫೈರ್ ರೆಕ್ಕೆ ತುದಿಗೆ ಹೋದಂತೆ ಕಿರಿದಾಗುತ್ತದೆ. ವೇಗ ಕಡಿಮೆಯಾದಾಗ ತುದಿಯೇ ಮೊದಲು ಸ್ಟಾಲ್ ಆಗಿ (ಎತ್ತುವ ಬಲ ಕಳೆದುಕೊಂಡು), ಇಳಿಸುವ ಹೊತ್ತಿಗೆ ಸರಿಯಾಗಿ ಒಂದು ಕಡೆಗೆ ಮಗುಚುತ್ತದೆ. ನೆಲದಿಂದ ಮೂರು ಮೀಟರ್ ಎತ್ತರದಲ್ಲಿ ಮಗುಚಿದ್ದನ್ನು ಅನುಭವಸ್ಥರಿಗೂ ಎತ್ತಲಾಗದು.

ನೀವು ಹುಡುಕಬೇಕಾದದ್ದು ಒಡಲಿನ ಮೇಲೆ ಕೂತ ರೆಕ್ಕೆ, ಅದರ ತುದಿಗಳು ತುಸು ಮೇಲಕ್ಕೆ ಬಾಗಿರಬೇಕು (ಇದಕ್ಕೆ ಡೈಹೆಡ್ರಲ್ ಅನ್ನುತ್ತಾರೆ, ರಿಮೋಟಿನ ಸ್ಟಿಕ್ ಬಿಟ್ಟರೆ ವಿಮಾನ ತಾನೇ ಸಮಕ್ಕೆ ಬರುವುದು ಇದರಿಂದ), ರೆಕ್ಕೆಯ ಉದ್ದ ತುದಿಯಿಂದ ತುದಿಗೆ 1ರಿಂದ 1.5 ಮೀಟರ್, ಇಪಿಒ ಎಂಬ ಗಟ್ಟಿ ಫೋಮಿನ ಮೈ. ಅಂಗೈಯಗಲದ ಪುಟ್ಟ ವಿಮಾನಗಳು ಅಗ್ಗ, ನಿಜ. ಆದರೆ ಸಣ್ಣ ಗಾಳಿಗೂ ಗಾಳಿಪಟದಂತೆ ಒದ್ದಾಡುತ್ತವೆ. 80 ಮೀಟರ್ ದೂರ ಹೋದರೆ ಬರುತ್ತಿದೆಯೋ ಹೋಗುತ್ತಿದೆಯೋ ಕಾಣುವುದಿಲ್ಲ.

ಕಲಿಸುವವರಿಲ್ಲದ ಕಾರಣ, ಪ್ರೊಪೆಲ್ಲರ್ ರೆಕ್ಕೆಯ ಹಿಂದಿರುವ ಪುಷರ್ ಮಾದರಿಯೇ ನನ್ನ ಆಯ್ಕೆ. ಹಾಬಿಝೋನ್‌ನ ಏರೋಸ್ಕೌಟ್, ಹಾಬಿಕಿಂಗ್‌ನ ಬಿಕ್ಸ್‌ಲರ್ ಈ ಜಾತಿಯವು. ಮೂತಿ ಮೊದಲು ನೆಲಕ್ಕೆ ಬಡಿದರೆ ಫೋಮ್ ಮಾತ್ರ ಜಜ್ಜುತ್ತದೆ, ಮೋಟರ್ ಶಾಫ್ಟ್ ಬಾಗುವುದಿಲ್ಲ. ಮುರಿದ ಇಪಿಒ ಫೋಮನ್ನು ಫೆವಿಕ್ವಿಕ್‌ನಿಂದ ಅಂಟಿಸಬಹುದು. ಬಿಳಿ ಥರ್ಮೋಕೋಲಿಗೆ ಮಾತ್ರ ಅದನ್ನು ಹಚ್ಚಬೇಡಿ, ಕರಗಿ ತೂತಾಗುತ್ತದೆ.

ಇಲ್ಲೊಂದು ತೊಡಕಿದೆ. 2022ರ ಫೆಬ್ರವರಿಯಿಂದ ಸಿದ್ಧ ಡ್ರೋನ್‌ಗಳ (ನಿಯಮದಲ್ಲಿ ಆರ್‌ಸಿ ವಿಮಾನವೂ ಡ್ರೋನ್ ಎನಿಸುತ್ತದೆ) ಆಮದಿಗೆ ಭಾರತದಲ್ಲಿ ನಿಷೇಧವಿದೆ, ಬಿಡಿಭಾಗಗಳಿಗಿಲ್ಲ. ಹೊರದೇಶದಿಂದ ತರಿಸಿದ ಸಿದ್ಧ ವಿಮಾನ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಬಿಡಿಸುವುದು ತಲೆನೋವು. ಹಾಗಾಗಿ ಇಲ್ಲಿ ಸಿಗದಿದ್ದರೆ ಫೋಮ್ ಬೋರ್ಡಿನಲ್ಲಿ ನೀವೇ ಕಟ್ಟಿ. ಫ್ಲೈಟ್ ಟೆಸ್ಟ್ ಎಂಬ ಆರ್‌ಸಿ ಯೂಟ್ಯೂಬ್ ಚಾನೆಲ್ಲಿನವರ ಟೈನಿ ಟ್ರೈನರ್ ವಿಮಾನದ ನಕ್ಷೆ ಉಚಿತ, ಎ4 ಹಾಳೆಗಳಲ್ಲಿ ಮುದ್ರಿಸಿ ಜೋಡಿಸಿಕೊಳ್ಳಬಹುದು. ಬೋರ್ಡ್ 5 ಮಿ.ಮೀ. ಕಾಗದ ಹೊದ್ದ ಫೋಮ್ ಆಗಿರಲಿ. ಫ್ಲೆಕ್ಸ್ ಅಂಗಡಿಯವರು ಕೊಡುವ ಪಿವಿಸಿ ಶೀಟ್ ಹಾಕಿದರೆ ತೂಕ ಏರಿ ಮೇಲಿನ ಲೆಕ್ಕವೆಲ್ಲ ಕೆಡುತ್ತದೆ. ರೆಕ್ಕೆಯನ್ನು ಒಡಲಿಗೆ ಅಂಟಿಸದೆ ಬಿದಿರು ಕಡ್ಡಿ, ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಬಿದ್ದಾಗ ಮುರಿಯುವ ಬದಲು ಕಳಚಿಕೊಳ್ಳಲಿ.

1.2 ಮೀಟರಿನ, 800 ಗ್ರಾಂ ಒಳಗಿನ ವಿಮಾನಕ್ಕೆ ಸಾಕಾಗುವ ಸಾಮಾನು: ಎ2212 1000 ಕೆವಿ ಮೋಟರ್ (ಇಲ್ಲಿ ಕೆವಿ ಎಂದರೆ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು), 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), 10 ಇಂಚಿನ ಪ್ರೊಪೆಲ್ಲರ್ (ನಾಲ್ಕೈದು ಹೆಚ್ಚುವರಿ ಇಟ್ಟುಕೊಳ್ಳಿ), 9 ಗ್ರಾಂ ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಅಲ್ಲಾಡಿಸುವ ಪುಟ್ಟ ಮೋಟರ್) ನಾಲ್ಕು, 3ಎಸ್ (ಮೂರು ಸೆಲ್ಲಿನ) 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಎರಡು. ಟೈನಿ ಟ್ರೈನರ್ ಇದಕ್ಕಿಂತ ಚಿಕ್ಕದು, ಅದಕ್ಕೆ ನಕ್ಷೆಯಲ್ಲಿ ಹೇಳಿದ ಸಣ್ಣ ಮೋಟರನ್ನೇ ಹಾಕಿ. ದುಡ್ಡು ಹಾಕುವುದಿದ್ದರೆ ಟ್ರಾನ್ಸ್‌ಮಿಟರಿಗೆ (ಕೈಯಲ್ಲಿ ಹಿಡಿಯುವ ರಿಮೋಟಿಗೆ) ಹಾಕಿ: ಫ್ಲೈಸ್ಕೈ ಎಫ್‌ಎಸ್-ಐ6 ಥರದ ಆರು ಚಾನೆಲ್ಲಿನದು ಮುಂದಿನ ನಾಲ್ಕೈದು ವಿಮಾನಗಳಿಗೂ ಆಗುತ್ತದೆ. ವಿಮಾನದ ಜೊತೆ ಬರುವ ಆಟಿಕೆ ರಿಮೋಟ್ ಬೇರೆ ಯಾವುದಕ್ಕೂ ಹೊಂದುವುದಿಲ್ಲ.

ಇನ್ನು ಬೀಳುವ ಕಾರಣಗಳು. ಮೊದಲ ಹಾರಾಟದಲ್ಲೇ ಬೀಳುವ ವಿಮಾನಗಳಲ್ಲಿ ಎರಡು ದೋಷ ಮತ್ತೆ ಮತ್ತೆ ಕಾಣುತ್ತವೆ. ಒಂದು, ಬಾಲ ಭಾರ. ಗುರುತ್ವ ಕೇಂದ್ರ ರೆಕ್ಕೆಯ ಮುಂದಂಚಿನಿಂದ ರೆಕ್ಕೆಯಗಲದ ಶೇ. 25ರಿಂದ 30ರೊಳಗೆ ಇರಬೇಕು, 20 ಸೆಂ.ಮೀ. ರೆಕ್ಕೆಗೆ 5ರಿಂದ 6 ಸೆಂ.ಮೀ. ಬ್ಯಾಟರಿ ಹಾಕಿ, ಆ ಜಾಗದಲ್ಲಿ ಎರಡು ಬೆರಳ ಮೇಲೆ ಎತ್ತಿ ನೋಡಿ. ಮೂತಿ ಕೊಂಚ ಕೆಳಗೆ ಬಾಗಿದರೆ ಚಿಂತೆಯಿಲ್ಲ. ಬಾಲ ಇಳಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸದೆ ಹಾರಿಸಲೇಬೇಡಿ. ಎರಡು, ತಿರುಗುಮುರುಗಾದ ಏಲೆರಾನ್ (ರೆಕ್ಕೆಯ ಹಿಂದಂಚಿನಲ್ಲಿ ಅಲ್ಲಾಡುವ ಪಟ್ಟಿ). ವಿಮಾನದ ಹಿಂದೆ ನಿಂತು ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ಬಲ ಏಲೆರಾನ್ ಮೇಲೇಳಬೇಕು. ಸ್ಟಿಕ್ಕನ್ನು ನಿಮ್ಮತ್ತ ಎಳೆದರೆ ಎಲಿವೇಟರ್ (ಬಾಲದ ಅಡ್ಡಪಟ್ಟಿ) ಮೇಲೇಳಬೇಕು. ಜೈರೋ (ವಾಲಿದ್ದನ್ನು ತಾನೇ ಸರಿಪಡಿಸುವ ಸಾಧನ) ಇದ್ದರೆ ಇನ್ನೊಂದು ಪರೀಕ್ಷೆ: ವಿಮಾನವನ್ನು ಕೈಯಲ್ಲೇ ಬಲಕ್ಕೆ ವಾಲಿಸಿದಾಗ ಬಲ ಏಲೆರಾನ್ ಕೆಳಗಿಳಿಯಬೇಕು. ಇದು ಉಲ್ಟಾ ಇದ್ದರೆ ಜೈರೋವೇ ವಿಮಾನವನ್ನು ಮಗುಚಿ ಹಾಕುತ್ತದೆ. ಹಾಗೆಯೇ ಸಿಗ್ನಲ್ ಹೋದರೆ ಥ್ರಾಟಲ್ (ಮೋಟರಿಗೆ ಕೊಡುವ ಶಕ್ತಿ) ಸೊನ್ನೆಗಿಳಿಯುವಂತೆ ಫೇಲ್‌ಸೇಫ್ ಹೊಂದಿಸಿ, ಪ್ರೊಪೆಲ್ಲರ್ ಬಿಚ್ಚಿ ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ.

ಬ್ಯಾಟರಿ ವಿಷಯಕ್ಕೆ ಬಂದರೆ, 2200 ಎಂಎಎಚ್ ಲಿಪೋಗೆ 2.2 ಆಂಪಿಯರ್ ಚಾರ್ಜ್ ಸಾಕು. ಪ್ರತಿ ಸೆಲ್ 4.2 ವೋಲ್ಟ್ ದಾಟಬಾರದು, 3.5ರ ಕೆಳಗೆ ಇಳಿಸಬಾರದು, ವಾರಗಟ್ಟಲೆ ಇಡುವುದಾದರೆ 3.8. ಟೈಮರ್ 6 ನಿಮಿಷಕ್ಕಿಟ್ಟು ಇಳಿಸಿ. ಉಳಿದ ವೋಲ್ಟೇಜ್ ನೋಡಿ ಆಮೇಲೆ ಹೆಚ್ಚಿಸಿ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ.

ಹೊರಗೆ ಹೋಗುವ ಮೊದಲು ಪಿಕಾಸಿಮ್ ಸಿಮ್ಯುಲೇಟರಿನಲ್ಲಿ (ಉಚಿತ) ನಾಲ್ಕಾರು ಗಂಟೆ ಕಳೆಯಿರಿ. ಅಲ್ಲಿ ಕಲಿಯಬೇಕಾದ್ದು ಲೂಪ್ ಅಲ್ಲ, ನಿಮ್ಮತ್ತ ಬರುವ ವಿಮಾನವನ್ನು ನಡೆಸುವುದು. ಆಗ ಎಡಬಲ ಅದಲುಬದಲಾಗುತ್ತವೆ. ಯಾವ ಕಡೆಯ ರೆಕ್ಕೆ ಇಳಿಯುತ್ತಿದೆಯೋ ಸ್ಟಿಕ್ಕನ್ನು ಆ ಕಡೆಗೇ ತಳ್ಳಿದರೆ ಸಮಕ್ಕೆ ಬರುತ್ತದೆ. ಯೋಚಿಸದೆ ಕೈ ಅತ್ತ ಹೋಗುವವರೆಗೆ ಅಭ್ಯಾಸ ಮಾಡಿ.

ಬೆಳಗ್ಗೆ ಗಾಳಿ ಏಳುವ ಮೊದಲು ಹೋಗಿ. ಮುಕ್ಕಾಲು ಥ್ರಾಟಲ್ ಕೊಟ್ಟು, ಗಾಳಿಗೆ ಎದುರಾಗಿ, ಸಮತಲದಲ್ಲಿ ನೂಕಿ. ಮೇಲ್ಮುಖವಾಗಿ ಎಸೆದರೆ ವೇಗ ಸಾಲದೆ ಕುಸಿಯುತ್ತದೆ. ಪುಷರ್ ಆದರೆ ಕೈ ಪ್ರೊಪೆಲ್ಲರಿಗೆ ತಾಗದಂತೆ ಹಿಡಿಯಿರಿ. 30 ಮೀಟರ್ ಎತ್ತರಕ್ಕೆ ಏರಿಸಿ, ಅರ್ಧ ಥ್ರಾಟಲ್‌ಗೆ ಬಂದು, ಎಂದೂ ನಿಮ್ಮ ತಲೆಯ ಹಿಂದೆ ಹೋಗದಂತೆ ಸುತ್ತಿಸಿ.

ಜಾಗ ಆರಿಸುವಾಗ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು. 2021ರ ಡ್ರೋನ್ ನಿಯಮಗಳು ರೆಕ್ಕೆಯ ವಿಮಾನಗಳನ್ನೂ ಒಳಗೊಂಡಿವೆ. ಹಸಿರು ವಲಯದಲ್ಲಿ (ಹಾರಿಸಲು ಮುಂಗಡ ಅನುಮತಿ ಬೇಡದ ಜಾಗ) 400 ಅಡಿವರೆಗೆ ಹಾರಿಸಬಹುದು, ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ ಮಾತ್ರ. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಇಷ್ಟೂ ವಿಮಾನ ನೆಲೆಗಳಿರುವ ಬೆಂಗಳೂರಿನಲ್ಲಿ ಮನೆ ಪಕ್ಕದ ಮೈದಾನ ಹಸಿರಿನಲ್ಲಿರುವ ಸಂಭವ ಕಡಿಮೆ. ಊರಾಚೆಯ ಖಾಲಿ ಹೊಲವನ್ನು ಮಾಲೀಕರ ಒಪ್ಪಿಗೆ ಪಡೆದು ಬಳಸಿ. ಉತ್ತ ಹೊಲವಾದರೆ ಚಕ್ರ ಬಿಚ್ಚಿ ಹೊಟ್ಟೆಯ ಮೇಲೇ ಇಳಿಸಿ. ಚಕ್ರ ಮಣ್ಣಿಗೆ ಸಿಕ್ಕರೆ ವಿಮಾನ ಪಲ್ಟಿ ಹೊಡೆಯುತ್ತದೆ.