ಪಿಆರ್‌ಎಕ್ಸ್: ನಿಮ್ಮ ಕೈಗೆ 35 ಸಾಕು

ಆರೂವರೆ ಇಂಚಿನ ಮಣಿಕಟ್ಟಿಗೆ ಟಿಸೋ ಕಂಪನಿಯ ಪಿಆರ್‌ಎಕ್ಸ್ ವಾಚು 40 ಮಿ.ಮೀ. ಅಗಲದ್ದು ಆದೀತೇ, 35 ವಾಸಿಯೇ ಎಂದು ಕೇಳಿದ್ದೀರಿ. ಕಣ್ಣು ಮುಚ್ಚಿ 35 ತೆಗೆದುಕೊಳ್ಳಿ. ಈ ವಾಚಿನಲ್ಲಿ ಚೈನು ಕೇಸಿನಿಂದಲೇ (ಡಯಲನ್ನು ಹಿಡಿದಿಟ್ಟ ಲೋಹದ ಕವಚ) ಮುಂದುವರಿಯುತ್ತದೆ. ಮೊದಲ ಕೊಂಡಿ ಚೆನ್ನಾಗಿ ಬಾಗದೆ ಸೆಟೆದು ನಿಲ್ಲುವುದರಿಂದ ಸಣ್ಣ ಕೈಮೇಲೆ 40 ಅಳತೆಗಿಂತ ದೊಡ್ಡದಾಗಿಯೇ ಕಾಣುತ್ತದೆ, ಅಂಚಿನಲ್ಲಿ ಕೈಗೂ ಚೈನಿಗೂ ನಡುವೆ ಸಂದು ಬೇರೆ. 1978ರ ವಿನ್ಯಾಸವನ್ನು 2021ರಲ್ಲಿ ಮರಳಿ ತಂದಾಗ ಇದ್ದದ್ದು 40 ಮಾತ್ರ. 35 ಆಮೇಲೆ ಬಂದದ್ದು.

ಜೇಬು ಒಪ್ಪಿದರೆ ಕೈಯ ಅಲುಗಾಟದಿಂದಲೇ ಕೀಲಿಯಾಗುವ ಆಟೊಮ್ಯಾಟಿಕ್ ನೋಡಿ. ಅದರ ಡಯಲಿನ ಉಬ್ಬು ಚೌಕಳಿ ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್‌ನ ನುಣುಪು ಡಯಲಿನಲ್ಲಿ ಸಿಗದು. ಪೂರ್ತಿ ಕೀಲಿಯಾದರೆ 80 ಗಂಟೆ ಓಡುತ್ತದೆ. ಶುಕ್ರವಾರ ರಾತ್ರಿ ಬಿಚ್ಚಿಟ್ಟರೂ ಸೋಮವಾರ ಬೆಳಿಗ್ಗೆ ಮುಳ್ಳು ತಿರುಗಿಸುವ ಕೆಲಸವಿಲ್ಲ. ಒಂದು ಮಾತು: ಅಂಗಡಿಯ ಸಾಮಾನ್ಯ ಬೆಲ್ಟ್ ಇದಕ್ಕೆ ಕೂರುವುದಿಲ್ಲ.