ಸೆಂಟ್ರಿಂಗ್ ಇಲ್ಲದೆ ಎದ್ದ ಗುಮ್ಮಟ: ಫ್ಲಾರೆನ್ಸ್‌ನಿಂದ ಮೈಸೂರಿನವರೆಗೆ

ಯುರೋಪಿನ ಪುನರುಜ್ಜೀವನ ಕಾಲದ ಕಲೆ, ಕಟ್ಟಡಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗುಮ್ಮಟಗಳ ಮೇಲೇ ಇದ್ದವು. ಹಾಗಾಗಿ ಚಿತ್ರ, ಶಿಲ್ಪಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಇಟಲಿಯ ಫ್ಲಾರೆನ್ಸ್ ಕೆಥೆಡ್ರಲ್‌ನ ಗುಮ್ಮಟವನ್ನು ಸೆಂಟ್ರಿಂಗ್ ಹಾಕದೆ ಕಟ್ಟಿದರು ಅಂತ ಓದಿದೆ. ಸಣ್ಣ ಕಮಾನು ಕಟ್ಟಬೇಕಾದರೂ ಕೆಳಗೆ ಮರದ ಆಧಾರ ಬೇಕಲ್ಲ, ಇದು ಹೇಗೆ ಬೀಳದೆ ನಿಂತಿತು? ಮೊಟ್ಟೆ ನಿಲ್ಲಿಸಿದ ಕಥೆ ನಿಜವೇ? (ಹುಬ್ಬಳ್ಳಿಯ ಓದುಗರು)

ಮೊದಲು ಒಂದು ಗೊಂದಲ ಬಿಡಿಸೋಣ. ಕೆಲಸದವರು ನಿಲ್ಲಲು ಸಾರುವೆ ಇತ್ತು. ಇಲ್ಲದೇ ಇದ್ದದ್ದು ಸೆಂಟ್ರಿಂಗ್, ಅಂದರೆ ಇಟ್ಟಿಗೆಯ ಭಾರ ಹೊರುವ ಮರದ ಅಚ್ಚು.

ಅದನ್ನು ಹಾಕದೇ ಇದ್ದದ್ದು ಹಠಕ್ಕಲ್ಲ, ಬೇರೆ ದಾರಿ ಇರಲಿಲ್ಲ. ಕೆಥೆಡ್ರಲ್ ಕೆಲಸ 1296ರಲ್ಲೇ ಶುರುವಾಗಿತ್ತು. ಗುಮ್ಮಟ ಎಷ್ಟು ದೊಡ್ಡದು, ಯಾವ ಆಕಾರ ಎಂಬುದು 1367ರಲ್ಲಿ ತೀರ್ಮಾನವಾಯಿತು. ಒಳಗಿನ ಅಗಲ ಸುಮಾರು 45 ಮೀಟರ್. ಅದು ಶುರುವಾಗುವ ಜಾಗವೇ ನೆಲದಿಂದ 50 ಮೀಟರಿಗೂ ಮೇಲೆ. ಇಷ್ಟಕ್ಕೆ ಬೇಕಾಗುವ ಉದ್ದುದ್ದ ಮರ ಎಲ್ಲಿಂದ ತರುವುದು? ತಂದರೂ, ತನ್ನ ಭಾರಕ್ಕೇ ಬಾಗದ ಅಚ್ಚು ಕಟ್ಟುವವರು ಯಾರು? ಹೇಗೆ ಕಟ್ಟುವುದು ಅಂತ ಗೊತ್ತಿಲ್ಲದೆಯೇ ಊರಿನವರು ಆಕಾರ ಒಪ್ಪಿಬಿಟ್ಟಿದ್ದರು! ಐವತ್ತು ವರ್ಷ ಕಳೆದ ಮೇಲೆ, 1418ರಲ್ಲಿ, ದಾರಿ ತೋರಿಸಿದವರಿಗೆ 200 ಚಿನ್ನದ ಫ್ಲಾರಿನ್ ಬಹುಮಾನ ಅಂತ ಸಾರಿದರು.

ಅಚ್ಚೇ ಬೇಡ ಎಂದವನು ಫಿಲಿಪ್ಪೊ ಬ್ರುನೆಲೆಸ್ಕಿ. ಕಲಿತದ್ದು ಅಕ್ಕಸಾಲಿಗನ ಕೆಲಸ. ಬರೀ ಮಾತಲ್ಲಿ ಹೇಳಲಿಲ್ಲ, ಇಟ್ಟಿಗೆಯಲ್ಲಿ ಒಂದು ಮಾದರಿ ಕಟ್ಟಿ ತೋರಿಸಿದ. ನಿಜವಾದ ಕೆಲಸ 1420ರಲ್ಲಿ ಶುರುವಾಗಿ 1436ಕ್ಕೆ ಮುಗಿಯಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ದುಂಡು ಗುಮ್ಮಟದಲ್ಲಿ ಒಂದು ಸುತ್ತು ಇಟ್ಟಿಗೆ ಪೂರ್ತಿಯಾದರೆ ಅದು ಬೀಳುವುದಿಲ್ಲ. ಒಂದು ಇಟ್ಟಿಗೆ ಒಳಗೆ ಜಾರಲು ಹೊರಟರೆ ಅಕ್ಕಪಕ್ಕದವು ಒತ್ತಿ ಹಿಡಿಯುತ್ತವೆ. ಹಾಗಾಗಿ ಸುತ್ತಿನ ಮೇಲೆ ಸುತ್ತು ಏರಿಸುತ್ತಾ ಹೋಗಬಹುದು. ಆದರೆ ಫ್ಲಾರೆನ್ಸ್‌ನ ಗುಮ್ಮಟ ದುಂಡಗಿಲ್ಲ, ಎಂಟು ಮೂಲೆಯದು. ಮೂಲೆಯಲ್ಲಿ ಸುತ್ತು ಮುರಿಯುತ್ತದೆ. ಬ್ರುನೆಲೆಸ್ಕಿಯ ಜಾಣತನ ಇರುವುದು ಇಲ್ಲೇ. ಗುಮ್ಮಟಕ್ಕೆ ಒಳಗೊಂದು ಹೊರಗೊಂದು ಎರಡು ಗೋಡೆ. ಒಳಗಿನ ಗೋಡೆಯನ್ನು ಸುಮಾರು ಎರಡು ಮೀಟರ್ ದಪ್ಪ ಮಾಡಿದ. ಎಂಟು ಮೂಲೆಯ ಆ ದಪ್ಪದೊಳಗೇ ಒಂದು ಪೂರ್ತಿ ದುಂಡು ಸುತ್ತು ಅಡಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಎಂಟು ಮೂಲೆ, ಭಾರ ಹೊರುವ ಲೆಕ್ಕದಲ್ಲಿ ದುಂಡು.

ಸುತ್ತು ಪೂರ್ತಿಯಾಗುವವರೆಗೆ ಏನು ಗತಿ? ಮೇಲೆ ಹೋದಂತೆ ಇಟ್ಟಿಗೆಯ ಸಾಲು ಒಳಕ್ಕೆ ವಾಲುತ್ತದೆ, ಗಾರೆ ಒಂದೇ ದಿನದಲ್ಲಿ ಬಿಗಿಯುವುದಿಲ್ಲ. ಅದಕ್ಕೆ ಅವನು ಮಲಗಿಸಿದ ಇಟ್ಟಿಗೆಗಳ ನಡುನಡುವೆ ಒಂದೊಂದು ಇಟ್ಟಿಗೆಯನ್ನು ನಿಲ್ಲಿಸಿ ಇಡಿಸಿದ. ನಿಂತ ಇಟ್ಟಿಗೆಯ ತಲೆ ಮೇಲಿನ ಸಾಲಿಗೂ ಚಾಚಿರುತ್ತದೆ. ಹೊಸದಾಗಿ ಇಟ್ಟ ಇಟ್ಟಿಗೆಗಳು ಇಂಥ ಎರಡರ ನಡುವೆ ಸಿಕ್ಕಿಕೊಂಡು ಜಾರದೆ ಕೂರುತ್ತವೆ. ಪ್ರತಿ ಸಾಲಿನಲ್ಲೂ ನಿಂತ ಇಟ್ಟಿಗೆಯ ಜಾಗ ಸ್ವಲ್ಪ ಸರಿಯುವುದರಿಂದ ಮೀನಿನ ಮುಳ್ಳಿನ ಆಕಾರದ ಗೆರೆಗಳು ಓರೆಯಾಗಿ ಮೇಲೇರುತ್ತವೆ.

ಇನ್ನೊಂದು ಕಾಟ, ಗುಮ್ಮಟ ಬುಡದಲ್ಲಿ ಹೊರಕ್ಕೆ ತಳ್ಳುವುದು. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುತ್ತಾರಲ್ಲ, ಅದೇ ಕೆಲಸಕ್ಕೆ ಇಲ್ಲಿ ಕಲ್ಲಿನ ತೊಲೆಗಳನ್ನು ಕಬ್ಬಿಣದಿಂದ ಬೆಸೆದು ಗೋಡೆಯೊಳಗೆ ಸುತ್ತಲೂ ಹೂತಿದ್ದಾರೆ. ಮರದ ಬಳೆಯೂ ಒಂದಿದೆ. ಹಾಗಂತ ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ. ಗುಮ್ಮಟದಲ್ಲಿ ದೊಡ್ಡ ಬಿರುಕುಗಳಿವೆ, ಅವುಗಳ ಮೇಲೆ ಇವತ್ತಿಗೂ ಉಪಕರಣ ಇಟ್ಟು ಕಣ್ಣಿಟ್ಟಿದ್ದಾರೆ.

ಸಾಮಾನು ಮೇಲೇರಿಸಲು ಅವನು ಮಾಡಿದ ಎತ್ತಿನ ಯಂತ್ರವೂ ನಿಮಗೆ ಇಷ್ಟವಾಗಬಹುದು. ಎತ್ತುಗಳು ಒಂದೇ ದಿಕ್ಕಿಗೆ ಸುತ್ತುತ್ತಿದ್ದರೆ ಸಾಕು. ಹಲ್ಲಿನ ಚಕ್ರ ಬದಲಿಸಿದರೆ ಭಾರ ಏರುವ ಬದಲು ಇಳಿಯುತ್ತಿತ್ತು. ಪ್ರತಿ ಸಲ ನೊಗ ಬಿಚ್ಚಿ ಎತ್ತು ತಿರುಗಿಸುವ ಕೆಲಸ ತಪ್ಪಿತು. ಅವನ ಎಲ್ಲ ಯಂತ್ರಗಳೂ ಹೀಗೆ ಗೆಲ್ಲಲಿಲ್ಲ ಬಿಡಿ. 1421ರಲ್ಲಿ ಪೇಟೆಂಟ್ ಪಡೆದ ಅವನ ದೋಣಿ ಅಮೃತಶಿಲೆ ಹೊತ್ತು ಬರುವಾಗ ಆರ್ನೊ ನದಿಯಲ್ಲಿ ಮುಳುಗಿತು.

ಮೊಟ್ಟೆಯ ಕಥೆಯನ್ನು ನಾನು ನಂಬುವುದಿಲ್ಲ. ಮೊಟ್ಟೆಯ ತುದಿ ಕುಟ್ಟಿ ನಿಲ್ಲಿಸಿ ಪೈಪೋಟಿ ಗೆದ್ದ ಅಂತ ಬರೆದ, ಕಲಾವಿದರ ಜೀವನಕಥೆಗಳ ಲೇಖಕ ವಸಾರಿಯ ಪುಸ್ತಕ ಬಂದದ್ದು 1550ರಲ್ಲಿ. ಬ್ರುನೆಲೆಸ್ಕಿ ಸತ್ತು ಆಗಲೇ ನೂರು ವರ್ಷ ದಾಟಿತ್ತು. ಆಮೇಲೆ ಇದೇ ಮೊಟ್ಟೆಯನ್ನು ಕೊಲಂಬಸ್ ಕೈಗೂ ಕೊಟ್ಟರು.

ಪ್ರಶ್ನೆ: ನಮ್ಮ ಗೋಳಗುಮ್ಮಟ ಇಟಲಿಯವರಿಂದ ಕಲಿತು ಕಟ್ಟಿದ್ದೇ? (ವಿಜಯಪುರದ ಓದುಗರು)

ಅಲ್ಲ. ಗೋಳಗುಮ್ಮಟ ಯಾರ ಸಮಾಧಿಯೋ ಆ ಸುಲ್ತಾನ ಮುಹಮ್ಮದ್ ಆದಿಲ್ ಶಾ ತೀರಿಕೊಂಡದ್ದು 1656ರಲ್ಲಿ, ಅಂದರೆ ಕಾಲದ ಲೆಕ್ಕದಲ್ಲಿ ಅದು ಫ್ಲಾರೆನ್ಸ್‌ಗಿಂತ ಈಚಿನದು, ನಿಜ. ಆದರೆ ವಿಧಾನವೇ ಬೇರೆ. ಅಲ್ಲಿ ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಚೌಕ ಕೋಣೆಯನ್ನು ಮೇಲೆ ದುಂಡಕ್ಕೆ ತರುತ್ತವೆ. ಹೊರಕ್ಕೆ ತಳ್ಳುವ ಬಲವನ್ನು ಆ ಕಮಾನುಗಳ ಭಾರವೇ ತಡೆಯುತ್ತದೆ. ಗುಮ್ಮಟಕ್ಕೆ ಒಂದೇ ಗೋಡೆ, ಫ್ಲಾರೆನ್ಸ್‌ನಲ್ಲಿ ಎರಡು. ಇದು ದಖ್ಖನ್ನಿನ ಮೇಸ್ತ್ರಿಗಳ ಸ್ವಂತ ಬುದ್ಧಿ. ದೊಡ್ಡ ಗುಮ್ಮಟ ಕಂಡ ಕೂಡಲೇ ಯುರೋಪಿನ ನಂಟು ಹುಡುಕುವ ಅಭ್ಯಾಸ ನಮಗೆ ಸ್ವಲ್ಪ ಜಾಸ್ತಿ.

ಪ್ರಶ್ನೆ: ಹಾಗಾದರೆ ಕರ್ನಾಟಕಕ್ಕೆ ಆ ಕಾಲದ ಪ್ರಭಾವ ಬಂದೇ ಇಲ್ಲವೇ? ಲಲಿತಮಹಲ್ ನೋಡಿದರೆ ಇಟಲಿ ನೆನಪಾಗುತ್ತದೆ. (ಮೈಸೂರಿನ ಓದುಗರು)

ಬಂದಿದೆ, ಲಂಡನ್ ಮೂಲಕ. ಬ್ರುನೆಲೆಸ್ಕಿಯ ಎರಡು ಗೋಡೆಯ ಉಪಾಯ, ಅಂದರೆ ಒಳಗೊಂದು ಹೊರಗೊಂದು ಗುಮ್ಮಟ, ಮುಂದೆ ರೋಮಿನ ಸೇಂಟ್ ಪೀಟರ್ಸ್ ಚರ್ಚಿಗೆ ಹೋಯಿತು. ಮೈಕೆಲ್ಯಾಂಜೆಲೊ ಯೋಜಿಸಿದ ಆ ಗುಮ್ಮಟವನ್ನು 1590ರಲ್ಲಿ ಮುಗಿಸಿದ್ದು ಜಾಕೊಮೊ ದೆಲ್ಲಾ ಪೋರ್ಟಾ. ಅದೂ ಬಿರುಕು ಬಿಟ್ಟು, 1740ರ ದಶಕದಲ್ಲಿ ಮತ್ತೆ ಕಬ್ಬಿಣದ ಬಳೆ ತೊಡಿಸಬೇಕಾಯಿತು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಕ್ರಿಸ್ಟೋಫರ್ ರೆನ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಒಳಗಿನಿಂದ ಕಾಣಲು ಒಂದು ಗುಮ್ಮಟ, ಹೊರಗಿನಿಂದ ಕಾಣಲು ಮರದ ಚೌಕಟ್ಟಿಗೆ ಸೀಸ ಹೊದಿಸಿದ ಇನ್ನೊಂದು. ಎರಡರ ನಡುವೆ ಯಾರ ಕಣ್ಣಿಗೂ ಬೀಳದ ಇಟ್ಟಿಗೆಯ ಶಂಕು ನಿಜವಾದ ಭಾರ ಹೊರುತ್ತದೆ.

ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್ ಉಳಿದುಕೊಳ್ಳಲೆಂದು ಕಟ್ಟಿಸಿದ ಲಲಿತಮಹಲ್‌ಗೆ 1921ರಲ್ಲಿ ಅಡಿಗಲ್ಲು ಬಿತ್ತು. ವಾಸ್ತುಶಿಲ್ಪಿ ಇ. ಡಬ್ಲ್ಯೂ. ಫ್ರಿಚ್ಲಿ ಅದರ ಗುಮ್ಮಟಕ್ಕೆ ಮಾದರಿ ಮಾಡಿಕೊಂಡದ್ದು ಸೇಂಟ್ ಪಾಲ್ಸ್ ಅನ್ನೇ. ಆದರೆ ಮೈಸೂರಿಗೆ ಬಂದದ್ದು ನೋಟ ಮಾತ್ರ. ಫ್ಲಾರೆನ್ಸ್‌ನಲ್ಲಿ ತಲೆ ಕೆಡಿಸಿದ ಸಮಸ್ಯೆ ಇಲ್ಲಿ ಇರಲೇ ಇಲ್ಲ. ಬಿಳಿ ಗುಮ್ಮಟ, ಜೋಡಿ ಕಂಬ ಕಂಡರೆ ಅಧಿಕಾರ ಅಂತ ಜನಕ್ಕೆ ಅನ್ನಿಸಬೇಕಿತ್ತು, ಅಷ್ಟೇ. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ.

ತಮಾಷೆ ಏನೆಂದರೆ, ಫ್ಲಾರೆನ್ಸ್‌ನ ಗುಮ್ಮಟದ ಆಕಾರ ಹಳೇ ರೋಮಿನದಲ್ಲ. ರೋಮಿನ ಪುರಾತನ ದೇವಾಲಯ ಪ್ಯಾಂಥಿಯನ್‌ನ ಗುಮ್ಮಟ ಅರ್ಧ ಚೆಂಡಿನಂತಿದೆ. ಇದು ಮೇಲೆ ಚೂಪಾಗಿರುವ, ಮಧ್ಯಯುಗದ ಗೋಥಿಕ್ ಶೈಲಿಯ ಆಕಾರ. ಅದು ತೀರ್ಮಾನವಾದ 1367ರಲ್ಲಿ ಬ್ರುನೆಲೆಸ್ಕಿ ಹುಟ್ಟಿಯೇ ಇರಲಿಲ್ಲ, ಅವನು ಹುಟ್ಟಿದ್ದು 1377ರಲ್ಲಿ. ಪುನರುಜ್ಜೀವನ ಅಂದರೆ ರೋಮಿನ ನಕಲು ಅಂತ ಸುಮ್ನೆ ಹೇಳಿಬಿಡುವವರಿಗೆ ನಾನು ತೋರಿಸುವುದು ಇದನ್ನೇ.

ಪ್ರಶ್ನೆ: ಫ್ಲಾರೆನ್ಸ್‌ಗೆ ಹೋಗುತ್ತಿದ್ದೇವೆ. ಇಟ್ಟಿಗೆಯ ಆ ಜೋಡಣೆ ಕಣ್ಣಿಗೆ ಕಾಣುತ್ತದೆಯೇ? (ಬೆಂಗಳೂರಿನ ಓದುಗರು)

ಕೆಳಗೆ ನಿಂತು ನೋಡಿದರೆ ಕಾಣುವುದಿಲ್ಲ. ಒಳಮೈ ತುಂಬ 1570ರ ದಶಕದಲ್ಲಿ ಬರೆದ ‘ಕೊನೆಯ ತೀರ್ಪು’ ಚಿತ್ರವಿದೆ. ಮೇಲೆ ಹತ್ತಿ. ಮೆಟ್ಟಿಲು ಹೋಗುವುದು ಎರಡು ಗೋಡೆಗಳ ನಡುವೆಯೇ, ಇಟ್ಟಿಗೆ ಕೈಗೆಟುಕುವ ಹತ್ತಿರದಲ್ಲಿರುತ್ತದೆ. ಒಟ್ಟು 463 ಮೆಟ್ಟಿಲು, ಲಿಫ್ಟ್ ಇಲ್ಲ, ದಾರಿ ಇಕ್ಕಟ್ಟು. ಮಂಡಿ ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗಬೇಡಿ. ಟಿಕೆಟ್‌ನಲ್ಲಿ ಸಮಯ ನಿಗದಿಯಾಗಿರುತ್ತದೆ, ಊರಿಂದ ಹೊರಡುವ ಮುಂಚೆಯೇ ಕಾಯ್ದಿರಿಸಿ. ಹತ್ತಲು ಆಗದವರು ಕೆಥೆಡ್ರಲ್‌ನ ಹಿಂದಿರುವ ಮ್ಯೂಸಿಯಮ್ಮಿಗೆ ಹೋಗಲಿ. ಗುಮ್ಮಟದ ಮರದ ಮಾದರಿಗಳು, ಹಳೆಯ ರಾಟೆಗಳು ಅಲ್ಲಿವೆ.