ಯಶವಂತಪುರದಿಂದ ಏರ್‌ಪೋರ್ಟ್ ಹಾಲ್ಟ್‌ಗೆ ರೈಲು: ಲಗೇಜ್ ಇದ್ದವರು ನಂಬಬಹುದಾ?

ಎರಡು ದೊಡ್ಡ ಸೂಟ್‌ಕೇಸ್ ಇವೆ, ಯಶವಂತಪುರದಿಂದ ಏರ್‌ಪೋರ್ಟ್ ಹಾಲ್ಟ್‌ಗೆ (ಬೆಂಗಳೂರು ವಿಮಾನ ನಿಲ್ದಾಣದ ಹತ್ತಿರದ ಸಣ್ಣ ರೈಲು ನಿಲ್ದಾಣ) ರೈಲಿನಲ್ಲೇ ಹೋಗಿ ವಿಮಾನ ಹಿಡಿಯಬಹುದಾ ಅಂತ ಕೇಳಿದ್ದೀರಿ. ಹಿಡಿಯಬಹುದು, ಆದರೆ ರೈಲಿನ ಸಮಯ ನಿಮ್ಮ ವಿಮಾನಕ್ಕೆ ಹೊಂದಿದರೆ ಮಾತ್ರ. ಈ ಹಾದಿಯಲ್ಲಿ ದಿನಕ್ಕೆ ಬೆರಳೆಣಿಕೆಯಷ್ಟೇ ಗಾಡಿಗಳು. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಭಾನುವಾರವಾದರೆ ವೇಳಾಪಟ್ಟಿಯನ್ನು ಇನ್ನೊಮ್ಮೆ ನೋಡಿ, ವಾರಕ್ಕೆ ಆರೇ ದಿನ ಓಡುವ ಗಾಡಿಗಳಿವೆ.

ಹೊಸಬರು ಎಡವುವುದು ಗಾಡಿಯ ಬೋರ್ಡ್ ನೋಡುವಾಗ. ಯಲಹಂಕ ದಾಟಿದ ಮೇಲೆ ಹಳಿ ಕವಲೊಡೆಯುತ್ತದೆ: ಒಂದು ರಾಜಾನುಕುಂಟೆ, ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರದ ಕಡೆಗೆ, ಇನ್ನೊಂದು ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಗೆ. ನಿಮಗೆ ಬೇಕಾದ್ದು ಎರಡನೆಯದು. ಬೋರ್ಡಿನಲ್ಲಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಅಥವಾ ಕೋಲಾರ ಇರಬೇಕು. ಬರೀ ಬಂಗಾರಪೇಟೆ ಎಂದಿದ್ದರೆ ವಿಚಾರಿಸಿ ಹತ್ತಿ, ಹೆಚ್ಚಿನವು ಕೆ.ಆರ್. ಪುರ, ವೈಟ್‌ಫೀಲ್ಡ್ ಮೇಲೆ ಹೋಗಿಬಿಡುತ್ತವೆ. ಯಲಹಂಕದ ನಂತರ ಬೆಟ್ಟಹಲಸೂರು, ದೊಡ್ಡಜಾಲ, ಆಮೇಲೆ ನಿಮ್ಮ ಹಾಲ್ಟ್. ದೊಡ್ಡಜಾಲ ಬಿಟ್ಟ ಕೂಡಲೇ ಸೂಟ್‌ಕೇಸ್‌ಗಳನ್ನು ಬಾಗಿಲ ಹತ್ತಿರ ತಂದಿಟ್ಟುಕೊಳ್ಳಿ, ಗಾಡಿ ನಿಲ್ಲುವುದು ನಿಮಿಷದ ಲೆಕ್ಕದಲ್ಲಿ.

ತಡ ಯಾಕಾಗುತ್ತದೆ ಅಂದರೆ, ಇದು ಒಂಟಿ ಹಳಿ. 1915ರಲ್ಲಿ ನ್ಯಾರೋಗೇಜ್ (ಕಿರಿದಾದ ಹಳಿಯ) ಲೈಟ್ ರೈಲ್ವೆಯಾಗಿ ಹಾಕಿದ ಹಾದಿ, ಗೇಜ್ ಬದಲಾದರೂ ಹಳಿ ಎರಡಾಗಿಲ್ಲ. ಎದುರಿನ ಗಾಡಿ ಬರುತ್ತಿದ್ದರೆ ಯಾವುದಾದರೊಂದು ಲೂಪ್ ಲೈನ್ (ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಹೆಚ್ಚುವರಿ ಹಳಿ) ಇರುವ ನಿಲ್ದಾಣದಲ್ಲಿ ನಿಲ್ಲಲೇಬೇಕು. 2021ರ ಜನವರಿಯಲ್ಲಿ ಶುರುವಾದ ಈ ಹಾಲ್ಟ್‌ನಲ್ಲಿ ಲೂಪ್ ಇಲ್ಲ, ಹಾಗಾಗಿ ಎರಡು ಗಾಡಿ ಒಂದನ್ನೊಂದು ದಾಟುವ ಕ್ರಾಸಿಂಗ್ ಇಲ್ಲಿ ಆಗುವುದಿಲ್ಲ. ನಿಮ್ಮ ಗಾಡಿ ಕಾಯುವುದು ಸಾಮಾನ್ಯವಾಗಿ ಯಲಹಂಕದಲ್ಲೇ. ಗಾಡಿ ಎಲ್ಲಿದೆ ಎಂದು ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪಿನಲ್ಲಿ ಹಾಲ್ಟಿನ ಎದುರು ತೋರಿಸುವ ಸಮಯಕ್ಕಿಂತ ಯಲಹಂಕ ಬಿಟ್ಟ ಸಮಯವನ್ನೇ ನಂಬಿ.

ಲೆಕ್ಕ ಹಿಂದಿನಿಂದ ಹಾಕಿ. ದೇಶದೊಳಗಿನ ವಿಮಾನ ಮಧ್ಯಾಹ್ನ 12ಕ್ಕೆ ಅನ್ನೋಣ. ಲಗೇಜ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮುಂಚೆ ಮುಚ್ಚುತ್ತದೆ, ಅಂದರೆ 11ಕ್ಕೆ. ಟರ್ಮಿನಲ್‌ನ ಪ್ರವೇಶ ಗೇಟ್ ಮತ್ತು ಕೌಂಟರಿನ ಸಾಲಿಗೆ ಅರ್ಧ ಗಂಟೆ, ಹಾಲ್ಟ್‌ನಿಂದ ಶಟಲ್ ಬಸ್ಸಿಗೆ ಕಾದು ಟರ್ಮಿನಲ್ ಸೇರಲು ಅರ್ಧ ಗಂಟೆ, ರೈಲು ತಡವಾಗುವುದಕ್ಕೆ ಮುಕ್ಕಾಲು ಗಂಟೆ. ವೇಳಾಪಟ್ಟಿಯ ಪ್ರಕಾರ 9:15ರೊಳಗೆ ಹಾಲ್ಟ್ ತಲುಪುವ ಗಾಡಿ ಇದ್ದರೆ ಹೊರಡಿ, ಇಲ್ಲದಿದ್ದರೆ ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸೇ ವಾಸಿ. ಅಂತರರಾಷ್ಟ್ರೀಯ ವಿಮಾನಕ್ಕೆ ನಾನಂತೂ ಈ ದಾರಿ ಹೇಳುವುದಿಲ್ಲ.

ಗಾಡಿ ಯಲಹಂಕದಲ್ಲಿ ನಿಗದಿತ ಸಮಯಕ್ಕಿಂತ 20 ನಿಮಿಷ ಹೆಚ್ಚು ನಿಂತರೆ ಅಲ್ಲೇ ಇಳಿದುಬಿಡಿ. ಆಟೊದಲ್ಲಿ ಬಳ್ಳಾರಿ ರಸ್ತೆಗೆ ಬಂದರೆ ಏರ್‌ಪೋರ್ಟ್ ಬಸ್ಸು ಸಿಗುತ್ತದೆ. ಮುಂದಿನ ಸಣ್ಣ ಸ್ಟೇಷನ್‌ಗಳಲ್ಲಿ ಇಳಿದರೆ ಆ ಅನುಕೂಲ ಇಲ್ಲ.

ಟಿಕೆಟ್ ಕೌಂಟರಿನಲ್ಲಿ ತಗೊಳ್ಳಿ, ಇಲ್ಲವೇ ರೈಲ್ವೆಯ ರೈಲ್‌ಒನ್ ಆ್ಯಪಿನಲ್ಲಿ. ಆ್ಯಪಿನಲ್ಲಾದರೆ ಸ್ಟೇಷನ್ ಆವರಣಕ್ಕೆ ಕಾಲಿಡುವ ಮುಂಚೆಯೇ ಬುಕ್ ಮಾಡಿ. ಒಳಗೆ ಬಂದ ಮೇಲೆ ಜಿಪಿಎಸ್ ಬಿಡುವುದಿಲ್ಲ, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಹುಡುಕಬೇಕಾಗುತ್ತದೆ. ಟಿಟಿಇ ಕೇಳಿದಾಗ ಆ್ಯಪಿನಲ್ಲೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಸೆಕೆಂಡ್ ಕ್ಲಾಸಿನಲ್ಲಿ ಒಬ್ಬರಿಗೆ 35 ಕೆ.ಜಿ. ಲಗೇಜ್ ಉಚಿತ.

ಹಾಲ್ಟ್‌ನಿಂದ ಟರ್ಮಿನಲ್ ಲಗೇಜ್ ಎಳೆದುಕೊಂಡು ನಡೆಯುವ ದೂರವಲ್ಲ. ಬಸ್ಸು ನಿಮ್ಮ ಗಾಡಿಗೆ ಸರಿಯಾಗಿ ಇದೆಯಾ ಅಂತ ಹಿಂದಿನ ದಿನ ವಿಮಾನ ನಿಲ್ದಾಣದ ಸಹಾಯವಾಣಿಗೆ ಕೇಳಿ, ಟಿ1 ಅಥವಾ ಟಿ2 ಯಾವುದಕ್ಕೆ ಎಂದು ಹತ್ತುವಾಗಲೇ ಚಾಲಕರಿಗೆ ಹೇಳಿ. ಇಳಿದ ಕೂಡಲೇ ಆಟೊ ಸಾಲು ಇರುತ್ತದೆ ಎಂದುಕೊಳ್ಳಬೇಡಿ. ಬಸ್ಸು ಕಾಣದಿದ್ದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯದೆ ಆ್ಯಪಿನಲ್ಲಿ ಕ್ಯಾಬ್ ಕರೆಸಿ.